ತುದಿಗೆ ಒಂದು ಮೊಳ ಕಡಿಮೆ

ನಮ್ಮ ದಾಖಲೆ ಕಚೇರಿಯ ಬಾವುಟ ಒಂಬತ್ತು ವರ್ಷದಿಂದ ಕಂಬದ ತುದಿ ಮುಟ್ಟಿರಲಿಲ್ಲ. ಇದು ಇಬ್ಬರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ: ಅದನ್ನು ದಿನಾ ಏರಿಸುವ ಅಟೆಂಡರ್ ಆದ ನನಗೆ, ಮತ್ತು ಫೈಲು ಹೊಲಿಯುವ ತಂಗಿಯ ಮಗಳಿಗೆ. ತಂಗಿ ಅಂದರೆ ಒಡಹುಟ್ಟಿದವಳಲ್ಲ. ಇಪ್ಪತ್ತು ವರ್ಷ ಪಕ್ಕದ ಮೇಜಿನಲ್ಲಿ ಕೂತು ಅಣ್ಣ ಅಂದವಳನ್ನು ಬೇರೆ ಏನಂತ ಕರೆಯಲಿ?

ಆದದ್ದಿಷ್ಟು. ಒಂದು ದಿನ ಹಗ್ಗ ಬಾವುಟಕ್ಕಿಂತ ಒಂದು ಮೊಳ ಮೇಲೆ ಕಿತ್ತುಹೋಯಿತು. ಗಂಟು ಹಾಕಿದೆ. ಆ ಗಂಟು ತುದಿಯ ರಾಟೆಯೊಳಗೆ ತೂರುವುದಿಲ್ಲ. ಅಲ್ಲಿಗೆ ಹೋಗಿ ಕಚ್ಚಿಕೊಳ್ಳುತ್ತದೆ, ಬಾವುಟ ಒಂದು ಮೊಳ ಕೆಳಗೇ ನಿಲ್ಲುತ್ತದೆ. ಕತ್ತೆತ್ತಿ ಅಳೆಯಲು ಯಾರಿಗೆ ಪುರುಸೊತ್ತಿದೆ? ನಾಳೆ ಹೊಸ ಹಗ್ಗ ತಂದರಾಯಿತು ಅಂದುಕೊಂಡೆ. ಆ ನಾಳೆಗೆ ಒಂಬತ್ತು ವರ್ಷ ತುಂಬಿತು.

ಅಳೆದವಳು ತಂಗಿಯ ಮಗಳೊಬ್ಬಳೇ. ಆಗಿನ್ನೂ ಶಾಲೆಗೆ ಹೋಗುತ್ತಿದ್ದಳು. ಅಮ್ಮನ ಕೆಲಸ ಮುಗಿಯುವವರೆಗೂ ಕಚೇರಿಯ ಮೆಟ್ಟಿಲ ಮೇಲೆ ಕೂರುವವಳು, ಮಾವ, ಬಾವುಟ ಪೂರ್ತಿ ಮೇಲೆ ಹೋಗಿಲ್ಲ ಅಂದಳು. ಅಧಿಕಪ್ರಸಂಗಿ, ನಿನ್ನ ಪಾಠ ನೀನು ನೋಡಿಕೋ ಎಂದು ಗದರಿದೆ. ಬಿಡುವ ಆಸಾಮಿಯೇ? ಮಾರನೆಯ ದಿನವೂ ಅದೇ ರಾಗ. ಇನ್ಸ್‌ಪೆಕ್ಟರಮ್ಮ ಎಂದು ಹೆಸರಿಟ್ಟೆ. ಸೈನ್ಯಕ್ಕೆ ಸೇರಿ ಮೊದಲ ರಜೆಗೆ ಬಂದಾಗಲೂ, ನನ್ನ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಕಂಬದ ತುದಿ ನೋಡಿ ಸುಮ್ಮನೆ ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಸೈನ್ಯದಲ್ಲಿ ಅವಳು ಆಂಬುಲೆನ್ಸ್ ಓಡಿಸುತ್ತಿದ್ದಳು. ಕಳೆದ ಸೋಮವಾರ ಗಾಯಾಳುಗಳನ್ನು ಕರೆತರಲು ಹೋದವಳು ತಿರುಗಿ ಬರಲಿಲ್ಲ.

ಗುರುವಾರ ಬೆಳಿಗ್ಗೆ ಏಳಕ್ಕೆ ಸಾಹೇಬರ ಫೋನು. ಅವಳ ಗೌರವಕ್ಕೆ ಊರಿನ ಎಲ್ಲ ಕಚೇರಿಗಳಲ್ಲೂ ಇವತ್ತು ಬಾವುಟ ಅರ್ಧಕ್ಕೆ ಹಾರಬೇಕು, ಎಂಟಕ್ಕೆ ಸರಿಯಾಗಿ ಏರಿಸಬೇಕು ಎಂದು ಆದೇಶ ಬಂದಿತ್ತು. ಅರ್ಧ ತಾನೇ, ಗಂಟು ಅಡ್ಡ ಬರುವುದಿಲ್ಲ ಎಂದಿತು ನನ್ನ ಕಳ್ಳಮನಸ್ಸು. ನಾಚಿಕೆಗೇಡು! ಅಷ್ಟರಲ್ಲಿ ಸಾಹೇಬರು ನಿಯಮ ಓದಿ ಹೇಳಿದರು: ಮೊದಲು ಬಾವುಟವನ್ನು ತುದಿ ಮುಟ್ಟಿಸಿ, ಒಂದು ಕ್ಷಣ ನಿಲ್ಲಿಸಿ, ಆಮೇಲೆ ಅರ್ಧಕ್ಕೆ ಇಳಿಸಬೇಕು. ತುದಿಯನ್ನೇ ಮುಟ್ಟದಿದ್ದರೆ ಅದೆಂಥ ಗೌರವ? ಅದೂ ಅವಳಿಗೆ?

ಕಚೇರಿಗೆ ಓಡಿದೆ. ಹಗ್ಗದ ಅಂಗಡಿ ತೆರೆಯುವುದು ಹತ್ತಕ್ಕೆ. ಗಂಟು ಬಿಚ್ಚಿ, ತುದಿಗೆ ತುದಿ ಕೂಡಿಸಿ ತೆಳ್ಳಗೆ ಹೊಲಿದರೆ ರಾಟೆಯಲ್ಲಿ ತೂರೀತು. ಆದರೆ ನನ್ನ ಕೈಯೋ, ಗುಂಡಿ ಹಚ್ಚಲು ಹೋದರೆ ಅಂಗಿಯ ತೋಳನ್ನೂ ಸೇರಿಸಿ ಹೊಲಿದುಬಿಡುವಂಥದ್ದು. ಹಾಗೆ ಹೊಲಿಯಬಲ್ಲವಳು ನನಗೆ ಗೊತ್ತಿದ್ದ ಹಾಗೆ ಒಬ್ಬಳೇ. ಅವಳನ್ನು ಇವತ್ತು ಯಾವ ಮುಖ ಇಟ್ಟುಕೊಂಡು ಕರೆಯಲಿ?

ಕರೆಯಬೇಕಾಗಲಿಲ್ಲ. ಗೇಟು ಸದ್ದಾಯಿತು, ತಂಗಿಯೇ ಬಂದಳು. ಮನೆ ತುಂಬ ಜನ, ಎಲ್ಲರೂ ಬೆನ್ನು ಸವರುವವರೇ, ಉಸಿರು ಕಟ್ಟಿದ ಹಾಗಾಯಿತು, ಬಾವುಟ ಏರುವುದನ್ನು ನೋಡಿ ಹೋಗುತ್ತೇನೆ ಎಂದಳು. ಹಗ್ಗ ಹಿಡಿದುಕೊಂಡೇ ಎಲ್ಲವನ್ನೂ ಬಾಯಿಬಿಟ್ಟೆ.

"ನಿನ್ನ ಮಗಳು ಹೇಳಿದ್ದು ನಿಜ ಕಣಮ್ಮ. ನಾನೇ ಗದರಿ ಬಾಯಿ ಮುಚ್ಚಿಸಿದ್ದೆ."

"ಗೊತ್ತಣ್ಣ," ಅಂದಳು. "ಮನೇಗೆ ಬಂದು ದಿನಾ ಹೇಳೋಳು. ದೊಡ್ಡೋರ ವಿಷಯ ನಿನಗ್ಯಾಕೆ ಅಂತ ನಾನೂ ಬೈದಿದ್ದೆ."

ಒಳಗೆ ಹೋಗಿ ದಬ್ಬಳ, ಮೇಣ ಸವರಿದ ದಾರ ತಂದಳು. ನಾನು ಗಂಟು ಬಿಚ್ಚಿ ಎರಡೂ ತುದಿಗಳನ್ನು ಜೋಡಿಸಿ ಹಿಡಿದೆ. ಹರಿದ ಹಳೇ ಫೈಲುಗಳಿಗೆ ಹಾಕುವ ಹೊಲಿಗೆಯನ್ನೇ ಹಾಕಿದಳು. ಪ್ರತಿ ಸಲ ಬಿಗಿದಾಗಲೂ ಹೆಬ್ಬೆರಳಿನಿಂದ ಒತ್ತಿ, ಉಬ್ಬಿದೆಯೇ ಎಂದು ನೋಡಿದಳು. ನೆಟ್ಟಗೆ ಹಿಡಿಯಬಾರದೇ ಎಂದು ಎರಡು ಸಲ ಬೈಸಿಕೊಂಡೆ. ಕೊನೆಗೆ ದಾರವನ್ನು ಹಲ್ಲಿನಿಂದ ಕಡಿದು, ಹಗ್ಗ ಜಗ್ಗಿ ನೋಡಿ, ಸಾಕು ಎಂದಳು.

ಎಂಟಕ್ಕೆ ಸಾಹೇಬರು ಬಂದು ನಿಂತರು. ಹಗ್ಗ ಎಳೆದೆ. ಹೊಲಿಗೆ ರಾಟೆಯ ಹತ್ತಿರ ಹೋದಾಗ ಎಳೆಯುವುದನ್ನು ನಿಧಾನ ಮಾಡಿದೆ. ಕಚ್ಚಲಿಲ್ಲ. ಸಲೀಸಾಗಿ ಜಾರಿ ಆಚೆ ಇಳಿಯಿತು. ಬಾವುಟ ತುದಿಗೆ ಹೋಗಿ ಟಕ್ ಎಂದು ತಾಗಿತು. ಆ ಸದ್ದು ನನಗೆ ಮರೆತೇ ಹೋಗಿತ್ತು.

ಒಂದು ಕ್ಷಣ ನಿಲ್ಲಿಸಬೇಕಿತ್ತು, ಅಷ್ಟೇ. ಆದರೆ ಇಳಿಸಲು ಕೈ ಬರಲಿಲ್ಲ. ಇಳಿಸಿದರೆ ಅವಳು ಹೋದದ್ದು ನಿಜವಾಗಿಬಿಡುತ್ತದೆ ಅನ್ನಿಸಿತು. ಸಾಹೇಬರು ಕೆಮ್ಮಿದರು. ತಂಗಿ ಪಕ್ಕಕ್ಕೆ ಬಂದು, ನನ್ನ ಕೈಯ ಕೆಳಗೆ ಹಗ್ಗಕ್ಕೆ ತನ್ನ ಕೈ ಹಚ್ಚಿದಳು.

"ಇಳಿಸಣ್ಣ," ಅಂದಳು. "ಅವಳು ಹೇಳಿದ್ದು ಆಯ್ತಲ್ಲ."

ಇಬ್ಬರೂ ಸೇರಿ ಇಳಿಸಿದೆವು. ಹಗ್ಗವನ್ನು ಕಂಬಕ್ಕೆ ಸುತ್ತುವಾಗ ನಾನು ಸಾಹೇಬರ ಎದುರೇ ಗೊಳೋ ಎಂದು ಅತ್ತುಬಿಟ್ಟೆ. ತಂಗಿ ಅಳಲಿಲ್ಲ. ಕತ್ತೆತ್ತಿ, ಬಾವುಟದಿಂದ ಕಂಬದ ತುದಿಯವರೆಗೆ ಕಣ್ಣಲ್ಲೇ ಅಳೆಯುತ್ತಿದ್ದಳು, ಮಗಳು ಮೆಟ್ಟಿಲ ಮೇಲೆ ಕೂತು ಅಳೆಯುತ್ತಿದ್ದ ಹಾಗೆಯೇ.