ಒರತೆಯ ಗೋಡೆ

"ಮಂತ್ರಿಗಳ ಅಂಗೀಗೆ ನಮ್ಮನೆ ಆಲಿವ್ ಎಣ್ಣೆ ಸೋಪು ನಡೆಯುತ್ತೇನಪ್ಪಾ, ಇಲ್ಲಾ ಮ್ಯಾಡ್ರಿಡ್‌ನಿಂದ ತರಿಸ್ಬೇಕಾ?"

ಚಿಕ್ಕಮ್ಮ ಅಂಗುಸ್ಟಿಯಾಸ್ ಹೀಗೆ ಕೇಳುವ ಹೊತ್ತಿಗೆ ಅಂಗಿ ಒಗೆಯುವ ಕಲ್ಲಿನ ಮೇಲೆ ಬಿದ್ದಾಗಿತ್ತು. ಬ್ಲಾಸ್ ಬರೀ ಬನಿಯನ್ನಿನಲ್ಲಿ ಊರ ಒರತೆಯ ಕಟ್ಟೆಯ ಮೇಲೆ ಕೂತಿದ್ದ. ಬೆಟ್ಟದ ತಿರುವಿನಲ್ಲಿ ಕಾರು ಕುಲುಕಿ ಕಾಫಿ ಎದೆಯ ಮೇಲೆಲ್ಲ ಚೆಲ್ಲಿತ್ತು. ತಂದದ್ದು ಅದೊಂದೇ ಬಿಳಿ ಅಂಗಿ. ನಾಳೆ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಚೌಕದಲ್ಲಿ ಭಾಷಣ.

"ಬೇಗ ಒಣಗುತ್ತಾ ಚಿಕ್ಕಮ್ಮಾ?"

"ಸೂರ್ಯನಿಗೂ ಒಂದು ಆರ್ಡರ್ ಕಳಿಸು. ಈಗ ನಿನ್ನ ಕೈಲಿ ಆಗದೇ ಇರೋದು ಏನಿದೆ?"

ಮೂವತ್ತು ವರ್ಷ ಎಂಜಿನಿಯರಾಗಿದ್ದವನು ಲೋಕೋಪಯೋಗಿ ಮಂತ್ರಿಯಾಗಿ ಮೂರೇ ವಾರವಾಗಿತ್ತು. ಕುರ್ಚಿಯಲ್ಲಿ ಕೂತವನೇ ಮೊದಲು ಎತ್ತಿಕೊಂಡದ್ದು ತನ್ನೂರಿನ ಕಡತ. ಹಿಮದ ಬುಡದಿಂದ ಹೊಲಗಳವರೆಗೆ ಬರುವ ಮಣ್ಣಿನ ಕಾಲುವೆಗೆ ಪೂರ್ತಿ ಸಿಮೆಂಟು. ಹೊಸದಾಗಿ ಎಂಜಿನಿಯರಾದಾಗ ಅವನೇ ಬರೆದ ವರದಿ ಅದು. ಆ ವರದಿಯೇ ಅವನನ್ನು ಮ್ಯಾಡ್ರಿಡ್‌ಗೆ ಒಯ್ದದ್ದು, ದೊಡ್ಡ ಮನುಷ್ಯನನ್ನಾಗಿ ಮಾಡಿದ್ದು.

ಕಟ್ಟೆಯ ಇನ್ನೊಂದು ತುದಿಯಲ್ಲಿ, ಕಾಲುವೆಯ ನೀರು ನೋಡಿಕೊಳ್ಳುವ ನೀರುಗಂಟಿ ಸೆಬೆರೊ ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತಿದ್ದ. ಆಗಿನಿಂದ ಕೆಮ್ಮುತ್ತಿದ್ದವನು ಈಗ ಬಾಯಿ ಬಿಟ್ಟ.

"ನಿಮ್ಮ ಕಚೇರಿಯಿಂದ ಕಾಗದ ಬಂತು. ಸೋಮವಾರ ಸಿಮೆಂಟ್ ಕೆಲಸ ಶುರು, ಮೇಲಿನ ತೂಬು ತೆಗೀಬೇಡಿ ಅಂತ. ಮೇ ತಿಂಗ್ಳು ಅರ್ಧ ಆಯ್ತು ಕಣಪ್ಪಾ. ಹಿಮ ಕರಗಿ ಹರ್ಕೊಂಡು ಹೋಗ್ತಾ ಇದೆ."

"ಹೋಗ್ಲಿ ಮಾವಾ, ಹೊಲಕ್ಕೆ ತಾನೆ ಹೋಗೋದು? ಆ ತೂಬು ತೆಗೆದ್ರೆ ಅರ್ಧ ನೀರು ಕಲ್ಲುಗುಡ್ಡದ ಮೇಲೆ ಚೆಲ್ಲಿ ಮಾಯವಾಗುತ್ತೆ. ನಾನೇ ಅಳೆದಿದ್ದೀನಿ."

"ಚೆಲ್ಲೋದಲ್ಲ, ಬಿತ್ತೋದು."

"ನಮ್ಮ ತಾತಾನೂ ಹೀಗೇ ಅಂತಿದ್ದ," ಎಂದು ಬ್ಲಾಸ್ ನಕ್ಕ.

ಚಿಕ್ಕಮ್ಮ ಅಂಗಿಯನ್ನು ಕಲ್ಲಿಗೆ ಫಟ್ಟೆಂದು ಬಡಿದಳು. "ನಗಬೇಡ. ಓದಿದವನು ತಾನೆ ನೀನು? ಏಳು, ಆ ಗೋಡೆ ಓದು."

ಒರತೆಯ ಹಿಂದಿನ ಗೋಡೆಯ ಮೇಲೆ ಚಾಕುವಿನಿಂದ ಗೀಚಿದ ಅಂಕಿಗಳಿದ್ದವು. ವರ್ಷಕ್ಕೊಂದು ಸಾಲು. ಎಡಕ್ಕೆ ಬೆಟ್ಟದ ತೂಬು ತೆಗೆದ ದಿನ, ಬಲಕ್ಕೆ ಕೆಳಗೆ ಒರತೆ ಉಕ್ಕಿದ ದಿನ. ಸೆಬೆರೊನ ಅಪ್ಪನ ಕೈಬರಹ, ಆಮೇಲೆ ಸೆಬೆರೊನ ಸೊಟ್ಟ ಅಂಕಿಗಳು. ಈ ಗೋಡೆಗೆ ಒರಗಿಕೊಂಡೇ ಬೆಳೆದ ಬ್ಲಾಸ್ ಅದನ್ನು ಒಂದು ದಿನವೂ ಓದಿರಲಿಲ್ಲ. ಈಗ ಬೆರಳಿಟ್ಟು ಓದಿದ. ಮೇ ಮೊದಲಿಗೆ ತೆಗೆದರೆ ಜುಲೈ ಮೊದಲಿಗೆ. ಮೇ ಕೊನೆಗೆ ತೆಗೆದರೆ ಜುಲೈ ಕೊನೆಗೆ. ಅರವತ್ತು ದಿನ, ಅರವತ್ತೆರಡು, ಅರವತ್ತು. ಅವನ ಬೆರಳು ಒಂದು ಕಡೆ ನಿಂತುಬಿಟ್ಟಿತು. ಐವತ್ತೇಳನೇ ಇಸವಿ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

"ಇದ್ಯಾಕೆ ಖಾಲಿ?"

ಸೆಬೆರೊ ಚಿಕ್ಕಮ್ಮನ ಕಡೆ ನೋಡಿದ. ಚಿಕ್ಕಮ್ಮನೇ ಅಂದಳು: "ಅದು ನೀನು ಅಳತೆಗೆ ಬಂದ ವರ್ಷ ಕಣೋ. ನೀನೇ ತೂಬು ಮುಚ್ಚಿಸಿದ್ದೆ."

ಅವನಿಗೆ ನೆನಪಿತ್ತು. ಜೂನ್‌ನಲ್ಲಿ ಹೊಲಗಳೆಲ್ಲ ತುಂಬಿ ತುಳುಕಿದ್ದವು. ಅದನ್ನು ಬರೆದುಕೊಂಡು ಅವನು ಹೊರಟುಹೋಗಿದ್ದ.

"ಆಗಸ್ಟ್‌ನಲ್ಲಿ ಇಲ್ಲಿ ಒಂದು ಹನಿ ಇರ್ಲಿಲ್ಲ. ನಾನು, ನಿಮ್ಮಮ್ಮ, ಊರ ಹೆಂಗಸರೆಲ್ಲ ಕೆಳಗಿನ ಹೊಳೆಯಿಂದ ಕೊಡ ಹೊತ್ವಿ."

"ನನಗೆ ಒಂದು ಕಾಗದ ಬರೀಬಾರದಿತ್ತಾ?"

"ಏನಂತ? ಹುಡುಗನ ಮೊದಲ ಕೆಲಸ. ಪೇಪರ್‌ನಲ್ಲಿ ನಿನ್ನ ಫೋಟೊ ಬಂದಿತ್ತು, ನಿಮ್ಮಮ್ಮ ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿದ್ಲು. ಒಂದು ಬೇಸಿಗೆ ತಾನೆ ಅಂತ ಸುಮ್ನಾದ್ವಿ." ಅಂಗಿಯನ್ನು ಹಿಂಡಿದಳು. "ಸಿಮೆಂಟು ಒಂದು ಬೇಸಿಗೆಗೆ ಮುಗಿಯೋದಲ್ಲ ಮಗಾ."

ಬ್ಲಾಸ್ ಒರತೆಯ ಬಾಯಿಗೆ ಕೈಯೊಡ್ಡಿದ. ನೀರು ಕಿರುಬೆರಳಿನಷ್ಟು ಸಣ್ಣಗೆ ಬೀಳುತ್ತಿತ್ತು.

"ಭಾಷಣ ಆಗ್ಲೇ ಅಚ್ಚಾಗಿದೆ ಚಿಕ್ಕಮ್ಮಾ. ನಾಳೆ ಊರೆಲ್ಲರ ಮುಂದೆ ನಿಂತು, ನನ್ನ ಲೆಕ್ಕ ತಪ್ಪು ಅಂತ ಹೇಳ್ಲಾ?"

"ಅಚ್ಚಾಗಿದ್ರೇನು, ಹಾಳೆ ಹಿಂದುಗಡೆ ಖಾಲಿ ಇರುತ್ತಲ್ಲ. ಅಲ್ಲಿ ಬರ್ಕೋ."

ಸೆಬೆರೊ ಟೋಪಿಯೊಳಗೆ ಮುಖವಿಟ್ಟು ನಕ್ಕ. ಬ್ಲಾಸ್‌ಗೂ ನಗು ಬಂತು. ಸೋಮವಾರದ ಕೆಲಸ ನಿಲ್ಲಿಸಿ ಎಂದು ಚೀಟಿ ಬರೆದು, ಫೋನ್ ಮಾಡಿಬರಲು ಡ್ರೈವರನ್ನು ಕೆಳಗಿನ ಪೇಟೆಗೆ ಕಳಿಸಿದ.

"ಮಾವಾ, ಗುದ್ದಲಿ ಎಲ್ಲಿ?"

"ಮೊದ್ಲು ಆ ಬೂಟು ಬಿಚ್ಚು. ನಮ್ಮಪ್ಪನ ಹಳೇ ಜೋಡಿದೆ, ಹಾಕ್ಕೋ."

ಎರಡು ಗಂಟೆ ಹತ್ತಿದರು. ಚೆಸ್ಟ್‌ನಟ್ ಮರಗಳು ಮುಗಿದಲ್ಲಿ ಕಲ್ಲು, ಹುಲ್ಲುಗಡ್ಡೆ ತುಂಬಿ ಮುಚ್ಚಿದ್ದ ತೂಬು. ಬ್ಲಾಸ್ ಗುದ್ದಲಿ ಬೀಸಿದ.

"ಸಹಿ ಹಾಕ್ದಂಗೆ ಗೀಚಬೇಡ! ಬೇರು ಸಮೇತ ಎತ್ತು."

ಎತ್ತಿದ. ನೀರು ಒಂದು ಕ್ಷಣ ಅನುಮಾನಿಸಿದಂತೆ ನಿಂತು, ಆಮೇಲೆ ಇಳಿಜಾರಿನ ಕಲ್ಲುಗಳ ನಡುವೆ ನುಗ್ಗಿತು. ಮೂವತ್ತು ಹೆಜ್ಜೆ ಕೆಳಗೆ ನೋಡಿದರೆ ಇಲ್ಲ, ನೆಲದೊಳಗೆ ಇಂಗಿಹೋಗಿತ್ತು. ಇಬ್ಬರೂ ಬಗ್ಗಿ ನೆಲಕ್ಕೆ ಕಿವಿಗೊಟ್ಟರು.

ಸಂಜೆ ಇಳಿದು ಬಂದಾಗ ಅಂಗಿ ರೋಸ್ಮರಿ ಪೊದೆಯ ಮೇಲೆ ಒಣಗಿತ್ತು. ಸೆಬೆರೊ ಚಾಕು ಕೊಟ್ಟ. ಬ್ಲಾಸ್ ಕೊನೆಯ ಸಾಲಿನ ಕೆಳಗೆ, ಎಡಕ್ಕೆ, ಆ ದಿನವನ್ನು ಕೊರೆದ.

"ಬಲಗಡೇದು?" ಎಂದ.

"ಜುಲೈನಲ್ಲಿ ಬಾ," ಎಂದಳು ಚಿಕ್ಕಮ್ಮ. "ಕುರ್ಚಿ ಇದ್ರೂ ಬಾ, ಹೋಗಿದ್ರೂ ಬಾ."

ಅವನ ಕೈಯಿಂದ ಚಾಕು ತೆಗೆದುಕೊಂಡು, ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿಗೆ ಒರೆಸಿ, ಗೋಡೆಯ ಸಂದಿನಲ್ಲಿ ಕೈಗೆ ಸಿಗುವಂತೆ ಸಿಕ್ಕಿಸಿಟ್ಟಳು.