ಭಾವನಿಗೆ ನಾಲ್ಕು ಸಾಲು

ಪೆನ್ಸಿಲಿನ ಸಿಪ್ಪೆ ಎಲ್ಲೂ ತುಂಡಾಗದೆ ಸುರುಳಿ ಸುರುಳಿಯಾಗಿ ಸಂಪಾದಕನ ಮೇಜಿನ ಮೇಲೆ ಇಳಿಯುತ್ತಿದೆ, ಎಷ್ಟು ತಾಳ್ಮೆ ಈ ಮನುಷ್ಯನಿಗೆ, ಅವಳಾಗಿದ್ದರೆ ಇಷ್ಟು ಹೊತ್ತಿಗೆ ಮೊನೆ ಮೂರು ಸಲ ಮುರಿದು ಪೆನ್ಸಿಲನ್ನೇ ಕಿಟಕಿಯಾಚೆ ಎಸೆದಿರುತ್ತಿದ್ದಳು, ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದರೂ, ಸಂಜೆಯಾದರೆ ಬಡಾವಣೆಯ ನಾಟಕ ತಂಡದಲ್ಲಿ ಬಣ್ಣ ಹಚ್ಚಿದರೂ, ತಾಳ್ಮೆಯೊಂದು ಮಾತ್ರ ಬರಲಿಲ್ಲ – ನೋಡಿ ಮೇಡಂ, ಅನ್ನುತ್ತಾನೆ ಅವನು, ತಲೆಯೆತ್ತದೆ, ನಟರು ಸರಿ, ನಿರ್ದೇಶಕರು ಸರಿ, ಪರದೆ ಎಳೆಯೋರು ಕುರ್ಚಿ ಜೋಡಿಸೋರು ಎಲ್ಲರನ್ನೂ ಸೇರಿಸ್ತಾ ಹೋದ್ರೆ ಇದು ರಂಗಭೂಮಿ ವಿಶ್ವಕೋಶ ಆಗಲ್ಲ, ಮತದಾರರ ಪಟ್ಟಿ ಆಗುತ್ತೆ. ನಗುತ್ತಾನೆ ಬೇರೆ. ಅವಳ ಕಿವಿ ಬಿಸಿಯಾಗುತ್ತದೆ. ಪರದೆ ಎಳೆಯೋರಲ್ಲ ಕಣ್ರೀ, ರಂಗ ವ್ಯವಸ್ಥಾಪಕರು, ಮೂವತ್ತೆರಡು ವರ್ಷ, ಯಾರು ಯಾವಾಗ ಒಳಗೆ ಹೋಗಬೇಕು, ಯಾವ ದೀಪ ಯಾವ ಮಾತಿಗೆ ಹತ್ತಬೇಕು, ಎಲ್ಲಾ ಅವರ ತಲೇಲಿ, ಅವರಿಲ್ದೇ ಇದ್ದಿದ್ರೆ ನಿಮ್ಮ ಕೋಶದಲ್ಲಿರೋ ನಟರಲ್ಲಿ ಅರ್ಧ ಜನ ಬಾಗಿಲು ಅಂದ್ಕೊಂಡು ಗೋಡೆಗೆ ಹಾಯ್ತಿದ್ರು. ಸಿಟ್ಟಾಗಬೇಡಿ ಮೇಡಂ, ನಂಗೂ ಗೌರವ ಇದೆ, ಆದ್ರೆ ಅಚ್ಚಾದ ಆಧಾರ ಬೇಕಲ್ಲ, ಹುಡುಕಿದ್ದಕ್ಕೆ ಒಂದೇ ಸಿಕ್ಕಿದ್ದು, ಅದೂ ನಿಮ್ಮ ನಮೂದಿನಲ್ಲೇ ಇದೆ, ಎಂದು ಅವಳ ಪುಟದ ಕರಡನ್ನು ಇತ್ತ ಸರಿಸುತ್ತಾನೆ, ಇದರ ಮೇಲೆ ಬೇಕಾದ್ರೆ ನಾಲ್ಕು ಸಾಲು ಹಾಕ್ಬಹುದು, ಆ ದೀಪ ಆರಿದ ಪ್ರಸಂಗ ಬಿಡೋಕಾಗಲ್ಲ, ಅವರ ಬಗ್ಗೆ ಇರೋದೇ ಅದೊಂದು, ಬೇಡ ಅನ್ಸಿದ್ರೆ ಪೂರ್ತಿ ಬಿಟ್ಬಿಡೋಣ, ಮೂರು ಗಂಟೆಗೆ ಪುಟ ಅಚ್ಚಿಗೆ ಹೋಗುತ್ತೆ, ಹತ್ತು ನಿಮಿಷ ಕೂತು ಯೋಚ್ನೆ ಮಾಡಿ. ಎದ್ದು ಹೋದ. ಬಾಗಿಲನ್ನು ಎಷ್ಟು ಮೆಲ್ಲಗೆ ಮುಚ್ಚಿದನೆಂದರೆ ಅದಕ್ಕೂ ಸಿಟ್ಟು ಬಂತು.

ಹತ್ತು ನಿಮಿಷ. ಹನ್ನೆರಡು ಸಾಲು ಅವಳದು, ಎಣಿಸಿದಳು, ಎಣಿಸದಿದ್ದರೆ ಲೆಕ್ಕದ ಮೇಷ್ಟ್ರು ಹೇಗಾದಾಳು, ಅದರಲ್ಲಿ ಐದು ಸಾಲು ಆ ಒಂದು ಸಂಜೆಯದೇ, ಪತ್ರಿಕೆಯ ವಿಮರ್ಶೆಯನ್ನು ಹಾಗೇ ಎತ್ತಿ ಹಾಕಿದ್ದಾರೆ – ರಂಗ ವ್ಯವಸ್ಥಾಪಕರ ಹೊಣೆಗೇಡಿತನದಿಂದ ದೀಪಗಳೆಲ್ಲ ಆರಿಹೋದರೂ ಈ ಕಲಾವಿದೆ ಕಂಗೆಡದೆ ನಾಲ್ಕು ನಿಮಿಷ ಮಾತಿನಿಂದಲೇ ಕತ್ತಲನ್ನು ಬೆಳಗಿದರು – ಬೆಳಗಿದಳಂತೆ! ಈ ಸಾಲನ್ನು ಶಾಲೆಯ ಫಲಕದ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದರು, ಸನ್ಮಾನಕ್ಕೆ ಕರೆದವರೆಲ್ಲ ಇದನ್ನೇ ಓದಿದರು, ಓದಿದಾಗೆಲ್ಲ ಅವಳು ಕೈಮುಗಿದಳು, ಇಪ್ಪತ್ತಾರು ವರ್ಷದಿಂದ ಕೈಮುಗಿಯುತ್ತಲೇ ಇದ್ದಾಳೆ. ಹೊಣೆಗೇಡಿ ಯಾರು ಅಂದರೆ ಭಾವ. ಅಕ್ಕನ ಗಂಡ. ಅವಳು ಭಾವ ಭಾವ ಎಂದು ಕೂಗಿದ್ದು ಕೇಳಿ ಕೇಳಿ ಇಡೀ ತಂಡಕ್ಕೇ ಭಾವನಾದ, ಅವನಿಗಿಂತ ಇಪ್ಪತ್ತು ವರ್ಷ ಹಿರಿಯ ನಿರ್ದೇಶಕರೂ ಭಾವ ಒಂದು ಕುರ್ಚಿ ಕಮ್ಮಿ ಇದೆ ನೋಡು ಅನ್ನುತ್ತಿದ್ದರು. ಹಗಲೆಲ್ಲ ಮನೆ ಮನೆಯ ನಲ್ಲಿ ರಿಪೇರಿ, ಸಂಜೆ ರಂಗದ ಪಕ್ಕದ ವಿಂಗಿನ ಮರೆಯಲ್ಲಿ ನಿಂತರೆ ಉಸಿರೂ ಕೇಳಿಸದು. ಈಗ ಮಂಡಿ ನೋವು, ಮೆಟ್ಟಿಲು ಹತ್ತುವ ಹಾಗಿಲ್ಲ. ಬೆಳಿಗ್ಗೆ ಫೋನಿನಲ್ಲಿ, ಏನಮ್ಮಾ, ಅದೇನೋ ಪುಸ್ತಕದಲ್ಲಿ ನನ್ನ ಹೆಸರು ಹಾಕ್ತಾರಂತೆ, ನಂಗ್ಯಾಕೆ ಅವೆಲ್ಲ, ಸುಮ್ನೆ ಬಿಸಿಲಲ್ಲಿ ಅಲೀಬೇಡ, ಅಂದ, ಅಷ್ಟರಲ್ಲಿ ಅಕ್ಕ ಫೋನು ಕಿತ್ತುಕೊಂಡಳು, ಬಾಯಲ್ಲಿ ಹಾಗಂತಾರೆ ಕಣೇ, ಆರು ಗಂಟೆಗೇ ಎದ್ದು ಗಡ್ಡ ಮಾಡ್ಕೊಂಡು ಇಸ್ತ್ರಿ ಅಂಗಿ ಹಾಕ್ಕೊಂಡು ಕೂತಿದಾರೆ, ಫೋಟೋ ತೆಗೆಯೋಕೆ ಬಂದ್ರೂ ಬರಬಹುದು ಅಂತ, ಮದುವೆ ದಿನವೂ ಇಷ್ಟು ನೀಟಾಗಿರಲಿಲ್ಲ ಈ ಮಹಾರಾಯ. ಹಿಂದಿನಿಂದ ಭಾವ, ಏಯ್ ಸುಮ್ನಿರೇ, ಅನ್ನುವುದು ಕೇಳಿಸಿತು, ನಗು ಕೇಳಿಸಿತು. ಆ ಇಸ್ತ್ರಿ ಅಂಗಿಗೆ ಈಗ ಅವಳು ಏನು ಒಯ್ಯಬೇಕು? ಭಾವ, ನಿನ್ನ ಹೆಸರು ಬಂದಿದೆ, ದೀಪ ಆರಿಸಿದವನು ಅಂತ. ಇಲ್ಲವೇ, ಬಂದಿಲ್ಲ ಭಾವ, ನೀನು ಮಾಡಿದ ಕೆಲಸಕ್ಕೆ ಸಾಕ್ಷಿಯಿಲ್ಲವಂತೆ. ಸಾಕ್ಷಿ ಇಲ್ಲದೆ ಏನು, ಇಲ್ಲೇ ಕೂತಿದೆಯಲ್ಲ, ಕಲ್ಲುಗುಂಡಿನ ಹಾಗೆ.

ಆ ವರ್ಷ ಒಂದೇ ವಾರದಲ್ಲಿ ಎರಡು ನಾಟಕ, ಒಂದರಲ್ಲಿ ತಾಯಿ, ಇನ್ನೊಂದರಲ್ಲಿ ವಿಧವೆ, ಹಾಳಾದ್ದು ಎರಡರಲ್ಲೂ ದೊಡ್ಡ ಮಾತು ಶುರುವಾಗುವುದು ಬಾಗಿಲು ತೆರೆದೇ ಇಟ್ಟಿದ್ದೀನಿ ಎಂದು, ಅವಳು ತಾಯಿಯ ಸೀರೆಯಲ್ಲಿ ನಿಂತು ವಿಧವೆಯ ಮಾತಿಗೆ ಹೊರಳಿಬಿಟ್ಟಳು, ಎರಡು ವಾಕ್ಯ ಆಡಿದ ಮೇಲೆ ಗೊತ್ತಾಯಿತು, ಅಲ್ಲಿಗೆ ನಾಲಿಗೆ ಕಲ್ಲಾಯಿತು, ಇದೂ ಇಲ್ಲ ಅದೂ ಇಲ್ಲ, ಎದುರಿಗೆ ಮುನ್ನೂರು ಮುಖ, ಮೊದಲ ಸಾಲಿನಲ್ಲಿ ವಿಮರ್ಶಕ, ಕೈಯಲ್ಲಿ ಪುಸ್ತಕ. ಭಾವ ಆಗ ವಿಂಗಿನಲ್ಲೂ ಇರಲಿಲ್ಲ, ಬಣ್ಣದ ಕೋಣೆಯ ನಲ್ಲಿ ಕಿತ್ತುಹೋಗಿ ಪಾದ ಮುಳುಗುವ ನೀರಿನಲ್ಲಿ ನಿಂತು ಬಟ್ಟೆ ಸುತ್ತುತ್ತಿದ್ದ, ಅಲ್ಲಿಂದಲೇ ಅವಳ ಮೌನ ಕೇಳಿಸಿತಂತೆ, ಮೌನ ಕೇಳಿಸೋದು ಅಂದ್ರೇನು ಭಾವ ಅಂದರೆ, ನಟನೆ ಮಾಡೋ ಮೌನ ಬೇರೆ, ಮಾತು ಮರೆತ ಮೌನ ಬೇರೆ ಕಣಮ್ಮ, ಹಾಲು ಉಕ್ಕೋದು ಅಡುಗೆಮನೇಲಿದ್ದೋರಿಗೆ ಮಾತ್ರ ಗೊತ್ತಾಗುತ್ತಾ? ಓಡಿಬಂದು ಒದ್ದೆ ಕೈಯಲ್ಲೇ ಮೈನ್ ಸ್ವಿಚ್ ಎಳೆದ. ಕತ್ತಲು. ಜನ ಹೋ ಎಂದರು. ಬರಿಗಾಲಲ್ಲಿ ಬಂದ, ಹಲಗೆ ಒಂದೂ ಕಿರುಗುಟ್ಟಲಿಲ್ಲ, ಯಾವ ಹಲಗೆ ಸದ್ದು ಮಾಡುತ್ತದೆಂದು ಅವನಿಗೆ ಗೊತ್ತಿತ್ತು, ಅವಳ ಬೆನ್ನ ಹಿಂದೆ ನಿಂತು ಕಿವಿಯಲ್ಲಿ ಒಂದೊಂದೇ ಸಾಲು, ಅವನು ಪಿಸುಗುಟ್ಟಿದ್ದನ್ನು ಅವಳು ಕೂಗಿ ಹೇಳಿದಳು, ನಾಲ್ಕು ನಿಮಿಷ, ಪುಸ್ತಕವಿಲ್ಲ, ಬೆಳಕಿಲ್ಲ, ಎಲ್ಲ ಅವನಿಗೆ ಬಾಯಿಪಾಠ, ನಡುವೆ ಒಮ್ಮೆ ಅವಳ ದನಿ ನಡುಗಿದಾಗ ಮಾತಿನ ಸಾಲನ್ನು ಬಿಟ್ಟು, ಉಸಿರು ತಗೋ, ಅಂದ, ಅದನ್ನೂ ಕೂಗಿಬಿಡುತ್ತಿದ್ದಳು, ನಾಲಿಗೆಯ ತುದಿಗೆ ಬಂದಿತ್ತು. ಹೋದ. ದೀಪ ಬಂತು. ಪಕ್ಕದಲ್ಲಿ ಯಾರೂ ಇಲ್ಲ, ಹಲಗೆಯ ಮೇಲೆ ಒಂದು ಒದ್ದೆ ಪಾದದ ಗುರುತು, ಬಲಗಾಲಿನದು, ಅದನ್ನು ನೋಡುತ್ತಲೇ ಅವಳು ಉಳಿದ ಮಾತು ಮುಗಿಸಿದ್ದು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಳಗೆ ಪತ್ರಿಕೆಯವನು ಕೇಳಿದ್ದಕ್ಕೆ ಭಾವ, ಹೌದು ಸ್ವಾಮಿ, ಕೈ ತಾಗಿತು, ನನ್ನದೇ ತಪ್ಪು, ಎಂದು ಹೇಳಿ ನಲ್ಲಿಯ ಕಡೆ ಹೋದ. ತಂಡದ ಕಾರ್ಯದರ್ಶಿ ಒಂದು ವರ್ಷ ಅವನನ್ನು ರಂಗದ ಹತ್ತಿರ ಸೇರಿಸಲಿಲ್ಲ, ಬಾಗಿಲಲ್ಲಿ ನಿಂತು ಟಿಕೆಟ್ಟು ಹರಿ ಅಂದ, ಹರಿದ, ಬಂದವರಿಗೆಲ್ಲ ನಮಸ್ಕಾರ ಹೇಳಿ ಹರಿದ. ಹೇಳಿಬಿಡ್ತೀನಿ ಭಾವ, ನನ್ನ ಕೈಲಾಗಲ್ಲ, ಎಂದು ಅವಳು ಅಳುತ್ತ ಹೋದರೆ, ಥೂ ಹುಚ್ಚಿ, ಇವಳು ಮಾತು ಮರೀತಾಳೆ ಅಂತ ಒಂದು ಸಲ ಗೊತ್ತಾದ್ರೆ ಜನ ಆಮೇಲೆ ನಾಟಕ ನೋಡಲ್ಲ, ಯಾವಾಗ ಮರೀತಾಳೆ ಅಂತ ಕಾಯ್ತಾರೆ, ನಂಗೇನು, ನಲ್ಲಿ ರಿಪೇರಿಯೋನಿಗೆ ಬೈಗುಳ ಹೊಸದಾ? ಅವಳು ಸುಮ್ಮನಾದಳು. ಸುಮ್ಮನಾಗುವುದು ಅಷ್ಟು ಸುಲಭವಾಗಿತ್ತು, ಒಂದು ವರ್ಷ ಸುಮ್ಮನಿದ್ದವಳು ಇಪ್ಪತ್ತಾರು ವರ್ಷವೂ ಇರುತ್ತಾಳೆ, ಒದ್ದೆ ಪಾದ ಯಾರ ಕಣ್ಣಿಗೂ ಬಿದ್ದಿರಲಿಲ್ಲವಲ್ಲ. ಇದನ್ನು ಬರೆದರೆ ಅವಳ ಹನ್ನೆರಡು ಸಾಲಿನಲ್ಲಿ ಉಳಿಯುವುದೇನು, ಹುಟ್ಟಿದ್ದು, ಲೆಕ್ಕ ಕಲಿಸಿದ್ದು, ಕೆಲವು ನಾಟಕದ ಹೆಸರು. ಉಳಿಯದಿದ್ದರೆ ಬೇಡ. ಭಾವ ಬೈಯುತ್ತಾನೆ, ಬೈಯಲಿ, ಮೇಷ್ಟ್ರಿಗೆ ಬೈಗುಳ ಹೊಸದಾ? ಚೀಲದಿಂದ ಕೆಂಪು ಪೆನ್ನು ತೆಗೆದಳು, ಸಾವಿರಾರು ಮಕ್ಕಳ ತಪ್ಪು ಲೆಕ್ಕಕ್ಕೆ ಗೆರೆ ಎಳೆದ ಕೈ, ತನ್ನ ಐದು ಸಾಲಿನ ಮೇಲೆ ಒಂದೇ ಗೆರೆ, ಓರೆಯಾಗಿ, ಅಂಚಿನಲ್ಲಿ ಬರೆದಳು, ಅಂದು ದೀಪ ತಾನಾಗಿ ಆರಲಿಲ್ಲ, ಕೈತಪ್ಪಿಯೂ ಆರಲಿಲ್ಲ. ನಾನು ಮಾತು ಮರೆತಿದ್ದೆ. ರಂಗ ವ್ಯವಸ್ಥಾಪಕರು ಬೇಕೆಂದೇ ದೀಪ ಆರಿಸಿ ನನ್ನ ಮಾತನ್ನೆಲ್ಲ ಕಿವಿಯಲ್ಲಿ ಹೇಳಿಕೊಟ್ಟರು. ಕೆಳಗೆ ಸಹಿ. ಮೂರು ಸಾಲಾಯಿತು, ನಾಲ್ಕನೆಯದು ಬಾಕಿ, ಹೊರಗೆ ಸಂಪಾದಕನ ಚಪ್ಪಲಿ ಸದ್ದು ಹತ್ತಿರವಾಗುತ್ತಿದೆ, ಬರಲಿ, ಆದರೆ ಅಂದು ಭಾವ ಬಂದದ್ದು ಹೇಗೆ, ಹೋದದ್ದು ಹೇಗೆ, ಯಾವ ಪದದಲ್ಲಿ ಬರೆಯುವುದು, ಪೆನ್ನು ಕಾಗದಕ್ಕೆ ತಾಗಿ ನಿಂತುಬಿಟ್ಟಿದೆ, ಕಣ್ಣ ಮುಂದೆ ಹಲಗೆ, ಹಲಗೆಯ ಮೇಲೆ ಪಾದ, ದೀಪದ ಕಾವಿಗೆ ಹಿಮ್ಮಡಿ ಆರುತ್ತ ಬರುತ್ತಿದೆ, ನಡುವಿನ ತೆಳು ಗೆರೆ ಆರಿತು, ಬೆರಳುಗಳು ಇನ್ನೂ ಒದ್ದೆ, ಐದು ಬೆರಳು, ಒದ್ದೆ –