ಕಡಿಮೆ ತೋರಿಸುವ ಲ್ಯಾಬು

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯನ್ನು ಕಂಡರೆ ಇನ್ಸ್‌ಪೆಕ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು. ಅಳಿಯ ಕಂಪ್ಯೂಟರಿನಲ್ಲಿ ಗೆರೆ ಹಾಕಿ, ಬಣ್ಣ ತುಂಬಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ತಂದ ಪಟ್ಟಿ ಅದು. ಎಡಗಡೆ ತಿಂಗಳು, ಬಲಗಡೆ ಪಿಎಸ್‌ಎ. ಪ್ರಾಸ್ಟೇಟಿನ ಕ್ಯಾನ್ಸರು ಇವರ ಮೂಳೆಗಿಳಿದು ವರ್ಷವಾಗಿತ್ತು. ಕಾಯಿಲೆ ಹೆಚ್ಚಿದಷ್ಟೂ ರಕ್ತದಲ್ಲಿ ಏರುವ ಆ ಪಿಎಸ್‌ಎ ಎಷ್ಟಿದೆ ಎನ್ನುವುದೊಂದೇ ಈಗ ಮನೆಯವರ ಉಸಿರು. ಸಂಖ್ಯೆ ಇಳಿದರೆ ಮಗಳು ಹಾಳೆಯ ಫೋಟೋ ಹಿಡಿದು ನೆಂಟರಿಗೆಲ್ಲ ಕಳಿಸುತ್ತಾಳೆ, ನೆಂಟರು ಹೆಬ್ಬೆರಳಿನ ಚಿತ್ರ ವಾಪಸು ಕಳಿಸುತ್ತಾರೆ. ಇವರ ಉಚ್ಚೆಯ ದಾರಿಯ ಸಮಾಚಾರ ಇವರ ಮುಖವನ್ನೇ ನೋಡದ ಷಡ್ಡಕನ ಸೊಸೆಗೂ ಗೊತ್ತು. ಮಾನವಾಗಿ ಬದುಕಿದ ಮನುಷ್ಯನಿಗೆ ಇದಕ್ಕಿಂತ ಹೇಸಿಗೆ ಬೇಕೇ?

ಮಾತ್ರೆ ಶುರುವಾದಾಗ ಎಂಬತ್ತನಾಲ್ಕು ಇತ್ತು. ನಾಲ್ಕು ತಿಂಗಳಲ್ಲಿ ಎರಡೂವರೆಗೆ ಇಳಿಯಿತು. ಮಗಳು ಕುಣಿದಾಡಿದಳು. ಆಮೇಲೆ ನಾಲ್ಕಾಯಿತು. ಡಾಕ್ಟರಮ್ಮ ಆಗಲೇ ಬಿಡಿಸಿ ಹೇಳಿದ್ದರು.

"ಒಂದು ಸಲ ಏರಿದ್ರೆ ಗಾಬರಿ ಬೇಡ. ಏರ್ತಾನೇ ಹೋದ್ರೆ ಮಾತ್ರೆ ಕೈಕೊಡ್ತಾ ಇದೆ ಅಂತ. ಆಗ ಡ್ರಿಪ್ಪಲ್ಲಿ ಔಷಧಿ ಕೊಡ್ಬೇಕಾಗುತ್ತೆ."

ಡ್ರಿಪ್ಪಿನ ಔಷಧಿ ಎಂದರೇನು ಎಂದು ಇನ್ಸ್‌ಪೆಕ್ಟರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ಅಣ್ಣ ಹೊಟ್ಟೆಯ ಕ್ಯಾನ್ಸರಿಗೆ ಅದನ್ನು ಹಾಕಿಸಿಕೊಂಡು, ಆರು ತಿಂಗಳು ನೀಲಿ ಬಕೆಟ್ಟನ್ನು ತಬ್ಬಿಕೊಂಡು ಕೂತಿದ್ದ. ಬಕೆಟ್ಟನ್ನು ತೊಳೆದವರು ಇವರೇ. ಆ ವಾಸನೆಯನ್ನು ಇವತ್ತಿಗೂ ಮರೆತಿಲ್ಲ. ಏನಾದರೂ ಆಗಲಿ, ಡ್ರಿಪ್ ಮಾತ್ರ ಬೇಡ ಎಂದು ಅವರು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದರು.

ಮುಂದಿನ ತಿಂಗಳು, ಮೊದಲಿನಿಂದ ರಕ್ತ ಕೊಡುತ್ತಿದ್ದ ಲ್ಯಾಬಿನಲ್ಲಿ ಆರು ಪಾಯಿಂಟ್ ನಾಲ್ಕು, ಮನೆಯವರ ಬಾಯಲ್ಲಿ ಆರೂ ನಾಲ್ಕು, ಬಂತು. ಅಳಿಯ ಮೂಗು ಮುರಿದ.

"ಈ ಲ್ಯಾಬೇ ಸರಿ ಇಲ್ಲ ಮಾವ. ಇವತ್ತೇ ಇನ್ನೊಂದು ಕಡೆ ಕೊಟ್ಟು ನೋಡೋಣ."

ಇನ್ನೊಂದು ಕಡೆ ಐದೂ ಒಂದು ಬಂತು. ಐದೂ ಒಂದು ಹಾಳೆಗೆ ಹತ್ತಿತು, ಆರೂ ನಾಲ್ಕು ಹಾಸಿಗೆಯ ಕೆಳಗೆ ಹೋಯಿತು. ಅದರ ಮುಂದಿನ ತಿಂಗಳು ಒಂದೇ ದಿನ ಮೂರು ಲ್ಯಾಬು, ಮೂರು ಸೂಜಿ. ಎಂಟೂ ಮೂರು, ಆರೂ ಒಂಬತ್ತು, ಐದೂ ಆರು. ಹಾಳೆಗೆ ಹತ್ತಿದ್ದು ಯಾವುದು ಎಂದು ಬೇರೆ ಹೇಳಬೇಕಿಲ್ಲ.

ಇದನ್ನೆಲ್ಲ ಮಾಡಿದ್ದು ಯಾರು ಗೊತ್ತೇ? ಮೂವತ್ತನಾಲ್ಕು ವರ್ಷ ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ದುಡಿದ ಮನುಷ್ಯ. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಒಂದು ಕಲ್ಲು ಇಟ್ಟುಕೊಂಡ ಅಂಗಡಿಯವರನ್ನು ಸಂತೆಯ ನಡುವೆ ನಿಲ್ಲಿಸಿ ನೀರಿಳಿಸಿದವರು. ಒಂದು ತಕ್ಕಡಿಗೂ ಇನ್ನೊಂದಕ್ಕೂ ಕೂದಲಷ್ಟಾದರೂ ವ್ಯತ್ಯಾಸ ಇದ್ದೇ ಇರುತ್ತದೆ, ಹೋದ ತಿಂಗಳು ತೂಗಿದ್ದರಲ್ಲೇ ಈ ತಿಂಗಳೂ ತೂಗಿದರೆ ಮಾತ್ರ ಏರಿತೋ ಇಳಿಯಿತೋ ತಿಳಿಯುತ್ತದೆ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಹೇಳಿದವರು. ಅಷ್ಟೆಲ್ಲ ಗೊತ್ತಿದ್ದೂ ಅಳಿಯನ ಹಿಂದೆ ಕಾರು ಹತ್ತಿ, ಲ್ಯಾಬಿನಿಂದ ಲ್ಯಾಬಿಗೆ ತೋಳು ಚಾಚುತ್ತ ಹೋದರು. ಬಾಯಿ ಮಾತ್ರ ಬಿಡಲಿಲ್ಲ.

ಡಾಕ್ಟರಿಗೆ ಪುರಸೊತ್ತಿರುವುದಿಲ್ಲ ಎಂದು ಅಳಿಯ ಲ್ಯಾಬಿನ ಕಾಗದಗಳನ್ನು ಮನೆಯಲ್ಲೇ ಬಿಟ್ಟು, ಹಾಳೆಯ ಪ್ರತಿಯೊಂದನ್ನೇ ಒಯ್ಯುತ್ತಿದ್ದ. ಅದರಲ್ಲಿ ಲ್ಯಾಬಿನ ಹೆಸರಿರಲಿಲ್ಲ. ಎಎಲ್‌ಪಿ ಎಂದು ಇನ್ನೊಂದು ಪರೀಕ್ಷೆ ತಿಂಗಳು ತಿಂಗಳು ಕೆಂಪು ಅಕ್ಷರದಲ್ಲಿ ಬರುತ್ತಿತ್ತು. "ಅದು ಲಿವರಿಂದು ಮಾವ, ನಿಮ್ಮ ಕಾಯಿಲೆಗೂ ಅದಕ್ಕೂ ಸಂಬಂಧ ಇಲ್ಲ" ಎಂದು ಅದನ್ನೂ ಬಿಟ್ಟುಬಿಟ್ಟಿದ್ದ. ಡಾಕ್ಟರಮ್ಮ ಹಾಳೆಯ ಮೇಲೆ ಕಣ್ಣಾಡಿಸಿದರು.

"ಹೆಚ್ಚುಕಡಿಮೆ ನಿಂತಿದೆ. ಇದೇ ಮಾತ್ರೆ ಇರ್ಲಿ. ನೋವು ಗೀವು?"

"ಏನೂ ಇಲ್ಲ ಡಾಕ್ಟ್ರೇ" ಎಂದ ಅಳಿಯ, ಮಾವನ ನೋಯುವ ಬೆನ್ನು ತನ್ನದೇ ಎನ್ನುವ ಹಾಗೆ. ಇನ್ಸ್‌ಪೆಕ್ಟರು ಹೌದೆಂದು ತಲೆಯಾಡಿಸಿದರು.

ದಿನಾ ಬೆಳಗ್ಗೆ ಆ ಬೆನ್ನಿಗೆ ಮುಲಾಮು ತಿಕ್ಕುತ್ತಿದ್ದವಳು ಹೆಂಡತಿ. ಅವರ ಪ್ಯಾಂಟುಗಳ ಸೊಂಟವನ್ನು ಎರಡು ಸಲ ಹಿಡಿದು ಹೊಲಿದವಳೂ ಅವಳೇ.

"ಹಾಳೆ ಚೆನ್ನಾಗಿದೆ ಕಣ್ರೀ. ನೀವು ಚೆನ್ನಾಗಿಲ್ಲ" ಎಂದಳು ಒಂದು ದಿನ.

"ನಿಂಗೇನು ಗೊತ್ತಾಗುತ್ತೆ, ಸುಮ್ನಿರು" ಎಂದು ಗದರಿಸಿ ಅವರು ಎದ್ದರು. ಬಾಗಿಲ ಬಳಿ ಬಲಗಾಲಿನ ಚಪ್ಪಲಿ ಕಾಲಿಗೆ ನಿಲ್ಲದೆ ಕಳಚಿಕೊಂಡಿತು. ಅದನ್ನು ಹೆಂಡತಿ ನೋಡಲಿಲ್ಲವೆಂದು ಅವರಿಗೆ ಸಮಾಧಾನವಾಯಿತು.

ಅದರ ಮುಂದಿನ ತಿಂಗಳು ಅಳಿಯನಿಗೆ ಆಫೀಸು ಬಿಡಲಾಗದೆ ಇನ್ಸ್‌ಪೆಕ್ಟರೊಬ್ಬರೇ ಆಟೋ ಹಿಡಿದು ಹೋದರು, ಐದೂ ಆರು ಕೊಟ್ಟಿದ್ದ ಲ್ಯಾಬಿಗೆ. ಕೌಂಟರಿನಾಕೆ ಹಳೆಯ ಗಿರಾಕಿಯನ್ನು ಕಂಡಂತೆ ನಕ್ಕಳು.

"ಪಿಎಸ್‌ಎ ತಾನೇ ಸರ್? ಒಳ್ಳೇದಾಯ್ತು ಇಲ್ಲಿಗೇ ಬಂದಿದ್ದು. ನಮ್ಮಲ್ಲಿ ಸ್ವಲ್ಪ ಕಡಿಮೆನೇ ತೋರ್ಸುತ್ತೆ. ಅದಕ್ಕೇ ಎಷ್ಟೋ ಜನ ಬೇರೆ ಕಡೆ ಬಿಟ್ಟು ಇಲ್ಲಿಗೆ ಬರ್ತಾರೆ."

 ಹೀಗೆ ಹಲ್ಲು ಕಿರಿದು, ದನಿ ತಗ್ಗಿಸಿ, "ನಮ್ಮ ತಕ್ಕಡಿ ನಿಮ್ಮ ಕಡೆಗೇ ವಾಲುತ್ತೆ ಸ್ವಾಮಿ" ಎಂದ ಎಷ್ಟು ಮಂದಿಯನ್ನು ಇನ್ಸ್‌ಪೆಕ್ಟರು ಕಂಡಿಲ್ಲ. ಅಂಥವರ ಅಂಗಡಿಯ ನೀರನ್ನೂ ಮುಟ್ಟಿದವರಲ್ಲ. ಈಗ ಆಟೋಕ್ಕೆ ಬಾಡಿಗೆ ಕೊಟ್ಟು, ಅಂಥದೇ ಕಟ್ಟೆಯ ಮುಂದೆ ತೋಳು ಮಡಚಿ ನಿಂತಿದ್ದರು. ಸುತ್ತ ಕುರ್ಚಿಗಳಲ್ಲಿ ತಮ್ಮ ಹಾಗೆಯೇ ಒಣಗಿದ ನಾಲ್ಕೈದು ಮಂದಿ ಕೂತಿದ್ದರು. ಅವರ ಮೇಲೂ ಅಸಹ್ಯವಾಯಿತು, ಎಲ್ಲರಿಗಿಂತ ಹೆಚ್ಚಾಗಿ ತಮ್ಮ ಮೇಲೆ. ರಕ್ತ ಕೊಡದೆ ಹೊರಗೆ ಬಂದು, ನೇರವಾಗಿ ಮೊದಲಿನ ಲ್ಯಾಬಿಗೆ ಹೋಗಿ ತೋಳು ಕೊಟ್ಟರು.

ಹತ್ತೂ ಎಂಟು.

ಡಾಕ್ಟರಲ್ಲಿಗೆ ಹೋಗುವ ದಿನ ಹಾಸಿಗೆ ಎತ್ತಿ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಹೆಂಡತಿಯನ್ನೂ ಜೊತೆಗೆ ಕರೆದುಕೊಂಡರು. ಅಳಿಯ ಎಂದಿನಂತೆ ಹಾಳೆ ಚಾಚುವ ಮುಂಚೆಯೇ ಚೀಲವನ್ನು ಮೇಜಿನ ಮೇಲೆ ಸುರಿದರು.

"ಆ ಹಾಳೆ ಸುಳ್ಳು ಡಾಕ್ಟ್ರೇ. ಮೂರು ಕಡೆ ಕೊಟ್ಟು, ಕಡಿಮೆ ಬಂದಿದ್ದನ್ನ ಬರ್ದಿದೀವಿ."

"ಮಾವ, ಏನಿದು" ಎಂದು ಅಳಿಯ ಕೈ ಹಿಡಿಯಲು ಬಂದ. ಹೆಂಡತಿ ಅವನ ಕೈಯನ್ನು ಮೆಲ್ಲಗೆ ಸರಿಸಿದಳು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೊದಲಿನ ಲ್ಯಾಬಿನ ಕಾಗದಗಳನ್ನಷ್ಟೇ ಆರಿಸಿ ಸಾಲಾಗಿ ಇಟ್ಟರು.

"ಎರಡೂವರೆ, ನಾಲ್ಕು, ಆರೂ ನಾಲ್ಕು, ಎಂಟೂ ಮೂರು, ಹತ್ತೂ ಎಂಟು. ಒಂದು ಸಲನೂ ನಿಂತಿಲ್ಲ. ಈ ಎಎಲ್‌ಪಿ ನೋಡಿ, ಮೂರು ಪಟ್ಟಾಗಿದೆ. ಅದು ಲಿವರಿಂದ ಮಾತ್ರ ಬರೋದಲ್ಲ, ಮೂಳೆಯಿಂದನೂ ಬರುತ್ತೆ. ಇದನ್ನ ಯಾಕೆ ತೋರ್ಸಿಲ್ಲ?"

ಅಳಿಯ ಹಾಳೆಯನ್ನು ಮಡಚಿ ಜೇಬಿಗಿಟ್ಟ. ಡಾಕ್ಟರಮ್ಮ ಎದ್ದು ಬಂದು, ಇನ್ಸ್‌ಪೆಕ್ಟರನ್ನು ಮಂಚದ ಮೇಲೆ ಮಲಗಿಸಿ, ಕಾಲೆತ್ತಲು ಹೇಳಿದರು. ಎಡಗಾಲು ಎದ್ದಿತು. ಬಲಗಾಲು ಒಂದು ಗೇಣು ಎದ್ದು, ನಡುಗಿ, ಧೊಪ್ಪನೆ ಬಿತ್ತು.

"ಇದು ಯಾವಾಗಿಂದ?"

"ಎರಡು ತಿಂಗಳಾಯ್ತು."

ಹೆಂಡತಿ ಅವರ ಮುಖವನ್ನೇ ನೋಡಿದಳು. ಡಾಕ್ಟರಮ್ಮ ಆಗಲೇ ಫೋನೆತ್ತಿ ಬೆನ್ನಿನ ಸ್ಕ್ಯಾನಿಗೆ ಜಾಗ ಕೇಳುತ್ತಿದ್ದರು, ಈಗಲೇ, ನಾಳೆಯಲ್ಲ. ಫೋನಿಟ್ಟು ತಿರುಗಿದರು.

"ಬೆನ್ನುಹುರಿ ಒತ್ತಿಕೊಂಡಿರ್ಬಹುದು. ಕಾಲು ಉಳಿಯುತ್ತೋ ಇಲ್ವೋ ಸ್ಕ್ಯಾನ್ ಆಗ್ದೆ ಹೇಳಕ್ಕಾಗಲ್ಲ. ಎರಡು ತಿಂಗಳು ಯಾಕೆ ಸುಮ್ನಿದ್ರಿ? ನಂಗಲ್ದಿದ್ರೆ ನಿಮ್ಮ ಮನೆಯವ್ರಿಗಾದ್ರೂ ಹೇಳ್ಬಾರ್ದಿತ್ತಾ?"

"ನಂಬರು ಚೆನ್ನಾಗಿತ್ತಲ್ಲ ಡಾಕ್ಟ್ರೇ. ಅದಕ್ಕೇ ಏನಿರಲ್ಲ ಅಂದ್ಕೊಂಡೆ."

ಹೇಳಿದ ಮೇಲೆ ಆ ಮಾತು ಅವರ ಕಿವಿಗೇ ಬಿತ್ತು. ಕಳ್ಳಕಲ್ಲು ಇಟ್ಟ ಯಾವ ಅಂಗಡಿಯವನೂ ತನ್ನ ಮನೆಯ ಅಕ್ಕಿಯನ್ನು ಅದರಲ್ಲಿ ತೂಗಿಕೊಂಡದ್ದನ್ನು ಅವರು ಕಂಡಿರಲಿಲ್ಲ.

ವಾರ್ಡಿನವನು ಗಾಲಿಕುರ್ಚಿ ತಂದ. ಅಳಿಯ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ.

"ಅವಸರ ಮಾಡ್ಬೇಡಿ ಮಾವ. ಇನ್ನೊಬ್ಬ ಡಾಕ್ಟರ್ ಗೊತ್ತಿದ್ದಾರೆ. ಅವರು ಇಷ್ಟೊಂದು ಹೆದರ್ಸಲ್ಲ."

ಇನ್ಸ್‌ಪೆಕ್ಟರು ಹೆಂಡತಿಯ ಭುಜ ಹಿಡಿದು ಕುರ್ಚಿಗೆ ಇಳಿದರು. ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಕಾಲುಪಟ್ಟಿಯ ಮೇಲೆ ಇಟ್ಟುಕೊಂಡರು.

"ನೀವು ಮನೆಗೆ ಹೋಗಿ. ನಂಗೆ ಇವಳಿದ್ರೆ ಸಾಕು" ಎಂದರು.